ಕ್ಯಾಂಪರ್ ವ್ಯಾನಿಗೆ ಎಸಿ, ಜನರೇಟರ್: ಲೆಕ್ಕ ಶುರುವಾಗುವುದು ಚಾವಣಿಯಿಂದ

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ. ಬಾದಾಮಿಯಲ್ಲಿ ಬಿಸಿಲಿಗೆ ನಿಲ್ಲಿಸಿದ್ದ ಟೆಂಪೊ ಟ್ರಾವೆಲರ್‌ನ ಚಾವಣಿಯನ್ನು ಒಳಗಿನಿಂದ ಮುಟ್ಟಿದೆ. ರೆಕ್ಸಿನ್ ಹೊದಿಕೆಯ ಮೇಲೂ ಅಂಗೈ ಊರಿ ನಿಲ್ಲಲಾಗಲಿಲ್ಲ. ಭಾವ ಆ ಹಳೆಯ ಗಾಡಿಯನ್ನು ಕೊಂಡು ನಾಲ್ಕು ಜನ ಮಲಗುವಂತೆ ಹಾಸಿಗೆ, ಪುಟ್ಟದೊಂದು ಅಡುಗೆ ಕಟ್ಟೆ ಮಾಡಿಸಿದ್ದರು. ಚಾವಣಿಯ ಮೇಲೆ ಒಂದೂವರೆ ಟನ್ ಎಸಿ, ಹಿಂಬದಿಯಲ್ಲಿ 2 ಕೆವಿಎ ಪೆಟ್ರೋಲ್ ಜನರೇಟರ್. ಸ್ವಿಚ್ ಒತ್ತಿದಾಗ ಫ್ಯಾನ್ ತಿರುಗಿತು. ಎರಡು ಮೂರು ನಿಮಿಷ ಕಳೆದು ಕಂಪ್ರೆಸರ್ ಹೊರಡಬೇಕು, ಜನರೇಟರ್ ಒಮ್ಮೆ ನರಳಿತು, ದೀಪಗಳು ಮಂಕಾದವು, ಎಲ್ಲವೂ ನಿಂತಿತು. ಮೂರು ಸಲ ಪ್ರಯತ್ನಿಸಿದರೂ ಅದೇ ಕಥೆ. "ಜನರೇಟರ್ ಸಣ್ಣದಾಯಿತು, 5 ಕೆವಿಎ ತರಬೇಕು" ಎಂದರು ಭಾವ. ನಾನು ಚಾವಣಿಯ ಕಡೆ ಕೈ ತೋರಿಸಿದೆ. ನಮ್ಮ ಕಷ್ಟದ ಮೂಲ ಅಲ್ಲಿತ್ತು.

ಎಸಿ ತಂಪನ್ನು ತಯಾರಿಸುವುದಿಲ್ಲ, ಒಳಗಿನ ಶಾಖವನ್ನು ಹೊತ್ತು ಹೊರಗೆ ಹಾಕುತ್ತದೆ. ಎಷ್ಟು ಹೊರಬೇಕು ಎಂಬುದೇ ಮೊದಲ ಪ್ರಶ್ನೆ. 'ಟನ್' ಎಂಬ ಅಳತೆ ಹುಟ್ಟಿದ್ದು ಮಂಜುಗಡ್ಡೆಯಿಂದ. ಅಮೆರಿಕದ ಒಂದು ಟನ್, ಅಂದರೆ ಸುಮಾರು 907 ಕಿಲೋ ಮಂಜುಗಡ್ಡೆ 24 ಗಂಟೆಯಲ್ಲಿ ಕರಗುವಾಗ ಎಷ್ಟು ಶಾಖ ಹೀರುತ್ತದೋ ಅಷ್ಟನ್ನು ಹೊರಹಾಕುವ ಯಂತ್ರ ಒಂದು ಟನ್ನಿನದು. ಮಂಜುಗಡ್ಡೆಯೇ ಎಸಿಯಾಗಿದ್ದ ಕಾಲ ನಮ್ಮ ಕಡೆಗೂ ಹೊಸದಲ್ಲ. ಬಾಸ್ಟನ್ನಿನ ಕೆರೆಗಳಲ್ಲಿ ಕೊಯ್ದ ಮಂಜುಗಡ್ಡೆ ಹಡಗಿನಲ್ಲಿ ಮದರಾಸಿಗೆ ಬರುತ್ತಿತ್ತು. ಅದನ್ನು ಕೂಡಿಡಲು 1842ರಲ್ಲಿ ಕಟ್ಟಿದ ಐಸ್ ಹೌಸ್ ಇಂದಿಗೂ ಮರೀನಾ ತೀರದೆದುರು ವಿವೇಕಾನಂದರ ಸ್ಮಾರಕವಾಗಿ ನಿಂತಿದೆ. ಇಂದಿನ ಲೆಕ್ಕದಲ್ಲಿ ಒಂದು ಟನ್ ಎಂದರೆ ಗಂಟೆಗೆ 12,000 ಬಿಟಿಯು, ಅಂದರೆ ಸುಮಾರು ಮೂರೂವರೆ ಕಿಲೋವ್ಯಾಟ್ ಶಾಖ. ಅಷ್ಟನ್ನು ಹೊರಹಾಕಲು ಎಸಿ ಎಳೆದುಕೊಳ್ಳುವ ವಿದ್ಯುತ್ ಅದರ ಮೂರನೇ ಒಂದು ಭಾಗದಷ್ಟು.

ಈಗ ಗಾಡಿಯ ಲೆಕ್ಕ. ನಡುಮಧ್ಯಾಹ್ನದ ಬಿಸಿಲು ಒಂದು ಚದರ ಮೀಟರ್ ಜಾಗಕ್ಕೆ ಸುಮಾರು 1,000 ವ್ಯಾಟ್ ಸುರಿಯುತ್ತದೆ. ಚಾವಣಿ 10 ಚದರ ಮೀಟರ್ ಇದ್ದರೆ ಅದರ ಮೇಲೆ ಬೀಳುವುದು 10 ಕಿಲೋವ್ಯಾಟ್. ಬಹುಪಾಲು ಗಾಳಿಗೆ ಹಿಂದಿರುಗುತ್ತದೆ, ಬಿಳಿ ಬಣ್ಣವಾದರೆ ಇನ್ನೂ ಹೆಚ್ಚು. ಆದರೂ ತಗಡು 65 ಡಿಗ್ರಿಗೆ ಕಾದು, ಒಳಗೆ 27 ಡಿಗ್ರಿ ಇರಬೇಕೆಂದು ನಾವು ಬಯಸಿದರೆ, ಬರಿಯ ತಗಡಿನ ಮೂಲಕ ಸುಮಾರು 2,000 ವ್ಯಾಟ್ ಒಳಗಿಳಿಯುತ್ತದೆ. ಅದೇ ತಗಡಿಗೆ ಒಳಗಡೆ 25 ಮಿಲಿಮೀಟರ್ ದಪ್ಪದ ನೈಟ್ರೈಲ್ ರಬ್ಬರ್ ಹಾಳೆ ಅಂಟಿಸಿದರೆ ಅದು 400ರ ಆಸುಪಾಸಿಗೆ ಇಳಿಯುತ್ತದೆ. ಅರ್ಧ ಟನ್ನಿಗೆ ಹತ್ತಿರದ ಶಾಖ, ಹಾಳೆ ಮತ್ತು ಅಂಟಿನ ಖರ್ಚಿನಲ್ಲಿ ತಪ್ಪಿತು! ಮುಂದಿನ ಗಾಜಿಗೆ ಹೊರಗಿನಿಂದ ಹೊದಿಕೆ ಹಾಕಿದರೆ ಇನ್ನಷ್ಟು ಉಳಿತಾಯ. ಹೊರಗಿನಿಂದ ಎಂಬುದು ಮುಖ್ಯ, ಬಿಸಿಲು ಗಾಜು ದಾಟಿ ಒಳಗೆ ಬಂದ ಮೇಲೆ ಪರದೆ ಹಾಕಿ ತಡೆದರೆ ಹೆಚ್ಚಿನ ಪಾಲು ಶಾಖ ಒಳಗೇ ಉಳಿಯುತ್ತದೆ. ಒಳಗಿರುವ ಪ್ರತಿಯೊಬ್ಬರೂ ಸುಮಾರು 100 ವ್ಯಾಟ್ ಬಿಸಿ ಹೊರಸೂಸುತ್ತಾರೆ, ಅದಕ್ಕೆ ಉಪಾಯವಿಲ್ಲ. ಇಷ್ಟೆಲ್ಲ ಮಾಡಿಸಿದ ಮೇಲೆ ಭಾವನ ಗಾಡಿಗೆ ಒಂದು ಟನ್ ಸಾಕೆಂದು ತಿಳಿಯಿತು.

ದೊಡ್ಡ ಎಸಿ ಇದ್ದರೆ ಒಳ್ಳೆಯದೇ ಅಲ್ಲವೇ ಎಂದು ಕೇಳುವವರಿದ್ದಾರೆ. ಮಂಗಳೂರು, ಕಾರವಾರದಂತಹ ಊರುಗಳಲ್ಲಿ ಅದು ನಿಜಕ್ಕೂ ತೊಂದರೆ ಕೊಡುತ್ತದೆ. ಒಂದೇ ವೇಗದಲ್ಲಿ ಓಡುವ ದೊಡ್ಡ ಎಸಿ ಐದೇ ನಿಮಿಷದಲ್ಲಿ ಗಾಳಿಯನ್ನು ತಣ್ಣಗಾಗಿಸಿ ನಿಂತುಬಿಡುತ್ತದೆ, ತೇವ ಹಿಂಡಲು ಅದಕ್ಕೆ ಸಮಯವೇ ಸಿಗುವುದಿಲ್ಲ. ಹಾಸಿಗೆ ತಣ್ಣಗಿದ್ದೂ ಜಿಗುಟಾಗಿರುತ್ತದೆ. ರಾಯಚೂರು, ಕಲಬುರಗಿ ಕಡೆಯ ಸಂಕಟ ಬೇರೆ. ಎಸಿಯ ಟನ್ ಲೆಕ್ಕ ಹೊರಗೆ 35 ಡಿಗ್ರಿ ಇದ್ದಾಗಿನದು. 43 ಡಿಗ್ರಿಯಲ್ಲಿ ಅದು ಹೊರುವ ಶಾಖ ಕಡಿಮೆಯಾಗುತ್ತದೆ, ಎಳೆಯುವ ವಿದ್ಯುತ್ ಹೆಚ್ಚುತ್ತದೆ.

ಮನೆಯ ಸ್ಪ್ಲಿಟ್ ಎಸಿಯನ್ನೇ ಗಾಡಿಗೆ ಕೂರಿಸಬಹುದು, ಅಗ್ಗವೂ ಹೌದು. ಆದರೆ ನಮ್ಮ ರಸ್ತೆಗಳ ಕುಲುಕಾಟಕ್ಕೆ ತಾಮ್ರದ ಕೊಳವೆಯ ಜೋಡಣೆಗಳು ಸಡಿಲಗೊಂಡು ಗ್ಯಾಸ್ ಸೋರುತ್ತದೆ. ಅದಕ್ಕೇ ನನ್ನ ಮತ ವಾಹನಕ್ಕೆಂದೇ ಮಾಡಿದ, ಇನ್ವರ್ಟರ್ ಕಂಪ್ರೆಸರ್, ಅಂದರೆ ಬೇಕಾದಂತೆ ವೇಗ ಹೆಚ್ಚು ಕಡಿಮೆ ಮಾಡಿಕೊಳ್ಳುವ ಕಂಪ್ರೆಸರ್ ಇರುವ ಎಸಿಗೆ.

ಇನ್ವರ್ಟರ್ ಏಕೆ? ಬಾದಾಮಿಯಲ್ಲಿ ಜನರೇಟರ್ ನರಳಿದ ಕ್ಷಣವನ್ನು ನೆನೆಯಿರಿ. ನಿಂತ ಮೋಟಾರು ತಿರುಗತೊಡಗುವ ಅರೆಕ್ಷಣದಲ್ಲಿ ಓಡುವಾಗಿನ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. ಕೆಸರಿನಲ್ಲಿ ಹೂತ ಬಂಡಿಯನ್ನು ಕದಲಿಸುವಾಗ ಎತ್ತುಗಳು ಹಾಕುವ ಬಲ ಅದು. ಮನೆಯಲ್ಲಿ ಹಿಂದೆ ಇಡೀ ಗ್ರಿಡ್ ಇರುವುದರಿಂದ ನಮಗೆ ಗೊತ್ತೇ ಆಗುವುದಿಲ್ಲ, ಪುಟ್ಟ ಜನರೇಟರ್ ಅಲ್ಲೇ ಕುಸಿಯುತ್ತದೆ. ಇನ್ವರ್ಟರ್ ಕಂಪ್ರೆಸರ್ ನಿಧಾನವಾಗಿ ಹೊರಟು ವೇಗ ಹಿಡಿಯುತ್ತದೆ, ಆ ಹೊಡೆತವೇ ಇರುವುದಿಲ್ಲ. ಹಳೆಯ ಎಸಿಯೇ ಇರಲಿ ಎನ್ನುವವರು ಆ ಹೊಡೆತವನ್ನು ತಗ್ಗಿಸುವ ಸಾಫ್ಟ್ ಸ್ಟಾರ್ಟರ್ ಎಂಬ ಸಣ್ಣ ಪೆಟ್ಟಿಗೆಯನ್ನು ಜೋಡಿಸಿಕೊಳ್ಳಬಹುದು.

ಜನರೇಟರ್ ಮೇಲೆ ದಪ್ಪಕ್ಷರದಲ್ಲಿ ಬರೆದ ಅಂಕಿಯನ್ನು ನಂಬಿ ಕೊಳ್ಳಬೇಡಿ. ಅದು ಸಾಮಾನ್ಯವಾಗಿ ಸ್ವಲ್ಪ ಹೊತ್ತು ಮಾತ್ರ ಕೊಡಬಲ್ಲ ಗರಿಷ್ಠ ಶಕ್ತಿ. 2 ಕೆವಿಎ ಎಂದಿದ್ದರೆ ಗಂಟೆಗಟ್ಟಲೆ ಸಿಗುವುದು 1.6 ಕಿಲೋವ್ಯಾಟ್ ಎಂದುಕೊಳ್ಳಿ. ಎತ್ತರ ಹೆಚ್ಚಿದಂತೆ ಗಾಳಿ ತೆಳುವಾಗಿ, ಪ್ರತಿ 300 ಮೀಟರಿಗೆ ಶೇಕಡಾ 3ರಷ್ಟು ಶಕ್ತಿ ಇಳಿಯುತ್ತದೆ. 900 ಮೀಟರ್ ಎತ್ತರದ ಬೆಂಗಳೂರಿನಲ್ಲೇ ಹತ್ತರಲ್ಲಿ ಒಂದು ಪಾಲು ಹೋಯಿತು. ಇಷ್ಟೆಲ್ಲ ಕಳೆದರೂ ಒಂದು ಟನ್ ಇನ್ವರ್ಟರ್ ಎಸಿಗೆ ಭಾವನ ಹಳೆಯ ಜನರೇಟರೇ ಸಾಕಾಯಿತು.

ಆದರೆ ಪೆಟ್ರೋಲ್ ಕರೆಂಟು ದುಬಾರಿ. ಒಂದು ಲೀಟರಿನಲ್ಲಿ ಸುಮಾರು 9 ಯುನಿಟ್ ಶಕ್ತಿ ಅಡಗಿದ್ದರೂ ಸಣ್ಣ ಜನರೇಟರ್ ಕೊಡುವುದು ಒಂದೂವರೆ, ಹೆಚ್ಚೆಂದರೆ ಒಂದೂಮುಕ್ಕಾಲು ಯುನಿಟ್. ಉಳಿದದ್ದು ಬಿಸಿ ಹೊಗೆಯಾಗಿ ಹೋಗುತ್ತದೆ. ರಾತ್ರಿಗೆ ಬ್ಯಾಟರಿಯೇ ಸರಿ. ಬಿಸಿಲಿಲ್ಲದ ಹೊತ್ತಿನಲ್ಲಿ ಈ ಎಸಿ 400-500 ವ್ಯಾಟ್ ಎಳೆದರೆ ಎಂಟು ಗಂಟೆಗೆ ಸುಮಾರು 4 ಯುನಿಟ್ ಬೇಕು. 48 ವೋಲ್ಟಿನ, 100 ಆಂಪಿಯರ್-ಅವರ್‌ನ ಲಿಥಿಯಂ ಬ್ಯಾಟರಿ ಅಷ್ಟನ್ನು ಕೊಡುತ್ತದೆ, ತೂಕ ಒಂದು ಅಕ್ಕಿ ಮೂಟೆಯಷ್ಟು. ಅರ್ಧದಷ್ಟೇ ಬಳಸಬಹುದಾದ ಸೀಸದ ಬ್ಯಾಟರಿಗಳಲ್ಲಿ ಇದೇ ಕೆಲಸಕ್ಕೆ 250 ಕಿಲೋ ದಾಟುತ್ತದೆ. 12 ವೋಲ್ಟಿನಲ್ಲಿ ಇದನ್ನು ಮಾಡಲು ಹೋಗಬೇಡಿ. ವೋಲ್ಟ್ ಕಾಲು ಭಾಗಕ್ಕಿಳಿದರೆ ಅಷ್ಟೇ ಕೆಲಸಕ್ಕೆ ಕರೆಂಟ್ ನಾಲ್ಕು ಪಟ್ಟು ಬೇಕು, ಆಗ ಅದೇ ತಂತಿಯಲ್ಲಿ ಹದಿನಾರು ಪಟ್ಟು ಬಿಸಿ ಹುಟ್ಟುತ್ತದೆ. ಚಾವಣಿಯ ಮೇಲೆ ನಡುವೆ ಗಾಳಿಯಾಡುವಂತೆ ಸೋಲಾರ್ ಫಲಕ ಕೂರಿಸಿದರೆ ಕರೆಂಟೂ ಬಂತು, ನೆರಳೂ ಸಿಕ್ಕಿತು.

ರಾತ್ರಿ ಜನರೇಟರ್ ಬೇಡ ಎನ್ನಲು ಹಣಕ್ಕಿಂತ ದೊಡ್ಡ ಕಾರಣವಿದೆ. 2024ರ ಡಿಸೆಂಬರಿನಲ್ಲಿ ಕೇರಳದ ವಡಗರದಲ್ಲಿ ರಸ್ತೆ ಬದಿ ನಿಂತಿದ್ದ ಕ್ಯಾರವಾನಿನೊಳಗೆ ಇಬ್ಬರು ಸತ್ತು ಸಿಕ್ಕರು. ಎಸಿಗೆಂದು ಓಡುತ್ತಿದ್ದ ಜನರೇಟರಿನ ಕಾರ್ಬನ್ ಮಾನಾಕ್ಸೈಡ್ ಗಾಡಿಯ ನೆಲದ ರಂಧ್ರದಿಂದ ಒಳಗೆ ಬಂದಿತ್ತು ಎಂದು ಕಲ್ಲಿಕೋಟೆಯ ಎನ್‌ಐಟಿ ತಜ್ಞರ ಪರೀಕ್ಷೆಯಲ್ಲಿ ತಿಳಿಯಿತು. ಆ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಅದನ್ನು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಎಚ್ಚರವಿದ್ದವರಿಗೆ ತಲೆನೋವು, ವಾಕರಿಕೆಯ ಸುಳಿವಾದರೂ ಸಿಕ್ಕೀತು, ನಿದ್ದೆಯಲ್ಲಿದ್ದವರಿಗೆ ಅದೂ ಇಲ್ಲ. ಎಸಿ ಹೊರಗಿನ ಶುದ್ಧ ಗಾಳಿ ತರುತ್ತದೆ ಎಂದು ಬಹಳ ಮಂದಿ ನಂಬಿದ್ದಾರೆ. ಇಂಥ ಎಸಿ ಒಳಗಿನ ಗಾಳಿಯನ್ನೇ ಸುತ್ತಿಸುತ್ತಿರುತ್ತದೆ, ವಿಷ ಸೇರಿದ್ದರೆ ವಿಷವನ್ನೂ.

ಭಾವನ ಗಾಡಿಯಲ್ಲಿ ಹಿಂಬದಿಯ ಜನರೇಟರ್ ಗೂಡನ್ನು ಕಿತ್ತುಹಾಕಿಸಿದೆವು, ವೈರಿಗೆಂದು ನೆಲದಲ್ಲಿ ಕೊರೆದಿದ್ದ ತೂತುಗಳನ್ನು ಮುಚ್ಚಿಸಿದೆವು. ಈಗ ಜನರೇಟರನ್ನು ಹಗಲಲ್ಲಿ ಮಾತ್ರ, ಗಾಳಿ ಬೀಸುವ ದಿಕ್ಕು ನೋಡಿ, ಉದ್ದನೆಯ ಕೇಬಲ್ ಎಳೆದು ದೂರದಲ್ಲಿಡುತ್ತಾರೆ. ಹಾಸಿಗೆಯ ಬಳಿ, ಮಲಗಿದವರ ತಲೆಯ ಮಟ್ಟದಲ್ಲಿ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇದೆ. ಅಕ್ಕ ದಿನವೂ ಮಲಗುವ ಮುನ್ನ ಅದರ ಪರೀಕ್ಷೆಯ ಗುಂಡಿ ಒತ್ತಿ, ಅದು ಕೂಗಿದ್ದನ್ನು ಕೇಳಿಸಿಕೊಂಡ ಮೇಲೆಯೇ ದೀಪ ಆರಿಸುತ್ತಾಳೆ.