ಪಕ್ಕದ ಬೀದಿಯಲ್ಲಿ 20% ಕಡಿಮೆ, ನಮ್ಮ ಮೆಡಿಕಲ್‌ನಲ್ಲಿ ಯಾಕಿಲ್ಲ?

ಪ್ರಶ್ನೆ: ನಮ್ಮ ಬೀದಿಯ ಮೆಡಿಕಲ್ ಶಾಪ್‌ನವರು 5% ಬಿಡೋಕೂ ಹಿಂದೆಮುಂದೆ ನೋಡ್ತಾರೆ. ಪಕ್ಕದ ಬೀದಿಯ ದೊಡ್ಡ ಅಂಗಡಿಯಲ್ಲಿ 20%, ಮೊಬೈಲ್‌ನಲ್ಲಿ ಇನ್ನೂ ಜಾಸ್ತಿ. ನಮ್ಮವರು ಸುಮ್ನೆ ಲಾಭ ಹೊಡೀತಿದ್ದಾರಾ, ಇಲ್ಲ ಅಲ್ಲಿ ಸಿಗೋದು ಡೂಪ್ಲಿಕೇಟಾ?

ಉತ್ತರ: ಸಾಮಾನ್ಯವಾಗಿ ಎರಡೂ ಅಲ್ಲ. ಬ್ಯಾಚ್ ನಂಬರ್ ಹಾಕಿದ ಬಿಲ್ ಕೊಡುವ ಅಂಗಡಿ ಕಡಿಮೆಗೆ ಕೊಟ್ಟರೆ ಹೆದರಬೇಕಿಲ್ಲ. ಬಿಲ್ಲೇ ಇಲ್ಲದೆ ಕಡಿಮೆಗೆ ಕೊಡುವವರ ಹತ್ತಿರ ಮಾತ್ರ ಹುಷಾರಾಗಿರಿ.

ಈಗ ಲೆಕ್ಕಕ್ಕೆ ಬರೋಣ. ಬಿಪಿಗೆ ಕೊಡುವ ಟೆಲ್ಮಿಸಾರ್ಟಾನ್ 40, ಶುಗರ್‌ಗೆ ಕೊಡುವ ಮೆಟ್‌ಫಾರ್ಮಿನ್ 500 ಸರ್ಕಾರ ಬೆಲೆ ಕಟ್ಟಿರುವ ಅಗತ್ಯ ಔಷಧಿಗಳ ಪಟ್ಟಿಯಲ್ಲಿವೆ. 2013ರ ಬೆಲೆ ನಿಯಂತ್ರಣ ಆದೇಶದಲ್ಲಿ ಇಂಥ ಮಾತ್ರೆಗಳಿಗೆ ಅಂಗಡಿಯವರ ಮಾರ್ಜಿನ್ ಅಂತ ಸೇರಿಸಿರುವುದು 16%. ಅದೂ ಅವರು ಕೊಂಡ ಬೆಲೆಯ ಮೇಲೆ. ಅಂದರೆ ತೆರಿಗೆ ಬಿಟ್ಟು ಸುಮಾರು 86 ರೂಪಾಯಿಗೆ ತಂದದ್ದನ್ನು 100ಕ್ಕೆ ಮಾರುವುದು. ಉಳಿಯುವ 14 ರೂಪಾಯಿಯಲ್ಲಿ ಬಾಡಿಗೆ, ಫಾರ್ಮಸಿಸ್ಟ್ ಸಂಬಳ, ಇನ್ಸುಲಿನ್ ಇಡುವ ಫ್ರಿಜ್‌ನ ಕರೆಂಟು, ಎಲ್ಲ ಆಗಬೇಕು. ಆ ಸ್ಟ್ರಿಪ್ ಮೇಲೆ 20% ಬಿಟ್ಟರೆ ಕೈಯಿಂದಲೇ 6 ರೂಪಾಯಿ ಹೋಯಿತು. ಪಟ್ಟಿಯಲ್ಲಿ ಇಲ್ಲದ ಔಷಧಿಗೆ ವ್ಯಾಪಾರದ ರೂಢಿ 20%. ಅಲ್ಲಿ ಸ್ವಲ್ಪ ಉಸಿರಾಡಬಹುದು.

ಹಾಗಾದರೆ ಚೈನ್ ಅಂಗಡಿಗಳಿಗೆ ಹೇಗೆ ಗಿಟ್ಟುತ್ತದೆ? ಅಪೋಲೊ ಫಾರ್ಮಸಿಗೆ 6,000ಕ್ಕೂ ಹೆಚ್ಚು ಅಂಗಡಿಗಳಿವೆ, ಮೆಡ್‌ಪ್ಲಸ್‌ಗೆ 4,000ಕ್ಕೂ ಹೆಚ್ಚು. ಅಷ್ಟು ದೊಡ್ಡದಾದ ಮೇಲೆ ಕಂಪನಿಗೂ ಅಂಗಡಿಗೂ ಮಧ್ಯದ ಸಗಟು ವ್ಯಾಪಾರಿ, ಅಂದರೆ ಸ್ಟಾಕಿಸ್ಟ್‌ನ ಕೆಲಸವನ್ನು ತಾವೇ ಮಾಡಿಕೊಳ್ಳಬಹುದು. ಸ್ಟಾಕಿಸ್ಟ್‌ಗೆ ಹೋಗುತ್ತಿದ್ದ 8–10% ಅವರಿಗೇ ಉಳಿಯುತ್ತದೆ. ಕಂಪನಿಗಳು 10 ಕೊಂಡರೆ 1 ಫ್ರೀ ಅಂತ ಕೊಡುವ ಸ್ಕೀಮ್ ಸಣ್ಣ ಅಂಗಡಿಗೂ ಸಿಗುತ್ತದೆ. ಆದರೆ ಹತ್ತು ಪೆಟ್ಟಿಗೆ ತಂದಿಟ್ಟು ಎಕ್ಸ್‌ಪೈರಿ ದಿನ ಎಣಿಸುತ್ತಾ ಕೂರುವ ಧೈರ್ಯ ಎಲ್ಲರಿಗೂ ಇರಲ್ಲ. ಇನ್ನೊಂದು ದಾರಿ ತಮ್ಮದೇ ಹೆಸರಿನ ಮಾಲು. 2023ರಲ್ಲಿ ಮೆಡ್‌ಪ್ಲಸ್ ತನ್ನ ಬ್ರ್ಯಾಂಡಿನ ಜನರಿಕ್ ಮಾತ್ರೆಗಳನ್ನು (ಹೆಸರುವಾಸಿ ಬ್ರ್ಯಾಂಡಿನಲ್ಲಿರುವ ಅದೇ ಔಷಧಿ) ಭಾರಿ ರಿಯಾಯಿತಿಗೆ ಇಳಿಸಿತು.

ಆನ್‌ಲೈನ್ ಕಥೆ ಬೇರೆ. ಅಲ್ಲಿ ಬಹಳ ಕಾಲ ರಿಯಾಯಿತಿ ಬಂದದ್ದು ಹೂಡಿಕೆದಾರರ ಜೇಬಿನಿಂದ. 2020ರಲ್ಲಿ ರಿಲಯನ್ಸ್ ನೆಟ್‌ಮೆಡ್ಸ್ ಅನ್ನು, 2021ರಲ್ಲಿ ಟಾಟಾದವರು 1ಎಂಜಿಯನ್ನು ಕೈಗೆ ತೆಗೆದುಕೊಂಡರು. ಗಿರಾಕಿ ಅಭ್ಯಾಸವಾದ ಮೇಲೆ ಷರತ್ತುಗಳು ಶುರುವಾಗುತ್ತವೆ. ಹೋದ ತಿಂಗಳು ಅಮ್ಮನಿಗೆ ಕಣ್ಣಿನ ಡ್ರಾಪ್ಸ್ ತರಿಸಿದೆ. ಪರದೆ ಮೇಲೆ 18% ರಿಯಾಯಿತಿ. ಡೆಲಿವರಿಗೊಂದು, ಪ್ಯಾಕಿಂಗ್‌ಗೊಂದು ಸೇರಿಸಿ ಕೊನೆಗೆ ಉಳಿದದ್ದು 11 ರೂಪಾಯಿ.

ಆನ್‌ಲೈನ್ ಮಾರಾಟಕ್ಕೆ ಕೇಂದ್ರ ಸರ್ಕಾರ 2018ರಲ್ಲೇ ಕರಡು ನಿಯಮ ತಂದು, ಮುಗಿಸದೆ ಬಿಟ್ಟಿದೆ. ಅಂಗಡಿಯವರ ಸಂಘದ ಸಿಟ್ಟು ಅದಕ್ಕೇ. ಸಂಘದವರೇನೂ ಸಾಚಾ ಅಲ್ಲ ಬಿಡಿ. ಕಂಪನಿಗಳು ಸ್ಟಾಕಿಸ್ಟ್ ನೇಮಿಸಲು ನಮ್ಮ ಎನ್‌ಒಸಿ (ಒಪ್ಪಿಗೆ ಪತ್ರ) ಬೇಕು ಅನ್ನುವ ಅವರ ಕಟ್ಟುಪಾಡು ಸ್ಪರ್ಧೆಗೆ ವಿರುದ್ಧ ಅಂತ ಸ್ಪರ್ಧಾ ಆಯೋಗ 2013ರಲ್ಲಿ ಹೇಳಿತ್ತು.

ನಾನು ನಿಜಕ್ಕೂ ಎಚ್ಚರದಿಂದ ನೋಡುವುದು ‘80% ರಿಯಾಯಿತಿ’ ಬೋರ್ಡ್. ಕೆಲವು ಜನರಿಕ್ ಮಾತ್ರೆಗಳು ಅಂಗಡಿಗೆ ತೀರಾ ಅಗ್ಗಕ್ಕೆ ಬರುತ್ತವೆ, ಆದರೆ ಸ್ಟ್ರಿಪ್ ಮೇಲೆ ಎಂಆರ್‌ಪಿ ದೊಡ್ಡದಾಗಿಯೇ ಅಚ್ಚಾಗಿರುತ್ತದೆ. 20 ರೂಪಾಯಿಗೆ ತಂದು, 100 ಅಂತ ತೋರಿಸಿ, 40ಕ್ಕೆ ಕೊಟ್ಟರೆ ನಮಗೆ 60% ಉಳಿತಾಯ, ಅವರಿಗೆ ಹಾಕಿದ್ದಕ್ಕೆ ದುಪ್ಪಟ್ಟು! ಇಬ್ಬರಿಗೂ ಖುಷಿ. ಆದರೆ ಅದೇ ಔಷಧಿ ಜನೌಷಧಿ ಕೇಂದ್ರದಲ್ಲಿ ಅದಕ್ಕಿಂತ ಕಡಿಮೆಗೆ ಸಿಗಬಹುದು. ಅಲ್ಲಿ ಅಚ್ಚಾದ ಬೆಲೆಯೇ ಚಿಕ್ಕದು, ರಿಯಾಯಿತಿ ಕೇಳುವ ಮಾತೇ ಇಲ್ಲ. 2008ರಲ್ಲಿ ಶುರುವಾದ ಈ ಕೇಂದ್ರಗಳು ಈಗ ದೇಶದಲ್ಲಿ 15,000 ದಾಟಿವೆ. ನಮ್ಮ ರಾಜ್ಯದಲ್ಲಿ ಸರ್ಕಾರಿ ಆಸ್ಪತ್ರೆಗಳ ಆವರಣದಿಂದ ಅವನ್ನು ತೆಗೆಯಲು 2025ರಲ್ಲಿ ಆದೇಶವಾಗಿ, ಜಗಳ ಹೈಕೋರ್ಟ್‌ವರೆಗೂ ಹೋಯಿತು. ಹಾಗಾಗಿ ಪರ್ಸೆಂಟ್ ಬಿಡಿ, ಒಂದು ಮಾತ್ರೆಗೆ ಎಷ್ಟು ಬಿತ್ತು ಅಂತ ನೋಡಿ. ಚೀಟಿಯಲ್ಲಿ ಬರೆದ ಬ್ರ್ಯಾಂಡ್ ಬದಲು ಬೇರೆಯದನ್ನು ಅಂಗಡಿಯವರು ತಾವೇ ಕೊಡುವಂತಿಲ್ಲ, ನಿಯಮ ಬಿಡಲ್ಲ. ಅಗ್ಗದ್ದು ಬೇಕಿದ್ದರೆ ಡಾಕ್ಟರ ಹತ್ತಿರವೇ ಜನರಿಕ್ ಹೆಸರು, ಅಂದರೆ ಔಷಧಿಯ ಮೂಲ ಹೆಸರು ಬರೆಸಿಕೊಳ್ಳಿ.

ಸೆಪ್ಟೆಂಬರ್ 22, 2025ರಿಂದ ಔಷಧಿಗಳ ಮೇಲಿನ ಜಿಎಸ್‌ಟಿ 12ರಿಂದ 5%ಗೆ ಇಳಿದಿದೆ. ಹಳೆಯ ಸ್ಟಾಕ್‌ನ ಸ್ಟ್ರಿಪ್ ಕೈಗೆ ಬಂದರೆ ಆ ಇಳಿಕೆ ಬಿಲ್ಲಿನಲ್ಲಿ ಸಿಕ್ಕಿದೆಯಾ ಅಂತಲೂ ಕೇಳಿ.

ನಮ್ಮ ಮನೆ ಹತ್ತಿರದ ಮೆಡಿಕಲ್‌ನವರು ರಾತ್ರಿ ಹತ್ತಕ್ಕೂ ಸ್ಟ್ರಿಪ್ ಕತ್ತರಿಸಿ ನಾಲ್ಕೇ ಮಾತ್ರೆ ಕೊಡುತ್ತಾರೆ, ದುಡ್ಡು ನಾಳೆ ಕೊಡಿ ಅನ್ನುತ್ತಾರೆ. ಮೊನ್ನೆ ಅವರನ್ನೇ ಕೇಳಿದೆ, ಆಪ್‌ಗಳಿಂದ ತೊಂದರೆ ಇದೆಯಾ ಅಂತ. ಅವರು ನಕ್ಕು, ಹಿಂದೆ ಜೋಡಿಸಿಟ್ಟ ಡಯಾಪರ್ ಕಟ್ಟುಗಳನ್ನು ತೋರಿಸಿದರು. “ನನಗೆ ಡೀಲರ್ ಕೊಡೋ ರೇಟಿಗಿಂತ ಆಪ್‌ನಲ್ಲೇ ಕಡಿಮೆ ಸರ್. ಇವೆಲ್ಲ ಅಲ್ಲಿಂದಲೇ ತರಿಸಿದ್ದು.”