ಚೀಸ್‌ಗಿಂತ ಮೊದಲು ಆಕಳ ರಕ್ತ

ಕುಂದಗೋಳದ ಕಡೆಯ ಹುಡುಗನೊಬ್ಬ ಹೋದ ತಿಂಗಳು ನನ್ನ ಪಶು ಚಿಕಿತ್ಸಾಲಯಕ್ಕೆ ಬಂದಿದ್ದ. ಜೊತೆಗೆ ಆಕಳಿರಲಿಲ್ಲ, ಸ್ಟೀಲ್ ಡಬ್ಬಿ ಇತ್ತು. ಒಳಗೆ ಅಂಗೈಯಗಲದ ಬಿಲ್ಲೆ, ಮೇಲೆ ಹತ್ತಿಯಂಥ ಬಿಳಿ ಬೂಷ್ಟು. ಮನೆಯ ಹಾಲಿನಲ್ಲಿ ತಾನೇ ಮಾಡಿದ ಕ್ಯಾಮಂಬೇರ್ ಚೀಸ್. ಹುಬ್ಬಳ್ಳಿಯಲ್ಲಿ ಮಾರಬೇಕಂತೆ.

"ಹಾಲು ಕಾಸಿಲ್ರಿ ಡಾಕ್ಟರ್, ಕಾಸಿದ್ರ ರುಚಿ ಹೋಗತೈತಿ" ಅಂದ.

ಮಾತು ಸುಳ್ಳಲ್ಲ. ಫ್ರಾನ್ಸಿನಲ್ಲಿ 'ಕ್ಯಾಮಂಬೇರ್ ದ ನಾರ್ಮಂಡಿ' ಅಂತ ಹೆಸರು ಹಾಕಬೇಕಾದರೆ ಹಸಿ ಹಾಲೇ ಬೇಕು. ಹೆಪ್ಪುಗಟ್ಟಿದ ಹಾಲನ್ನು ಸೌಟಿನಲ್ಲಿ ಐದು ಸಲ, ಬಿಟ್ಟು ಬಿಟ್ಟು ಅಚ್ಚಿಗೆ ಸುರಿಯುತ್ತಾರೆ. ಆದರೆ ಅಲ್ಲಿ ಆಕಳುಗಳ ಆರೋಗ್ಯದ ಮೇಲೂ ಹಾಲಿನ ಮೇಲೂ ಸದಾ ಕಣ್ಣಿಟ್ಟಿರುತ್ತಾರೆ. ನಮ್ಮಲ್ಲಿ ಆ ಕೆಲಸವನ್ನು ಬೆಂಕಿ ಮಾಡುತ್ತದೆ. ಧಾರವಾಡ ಪೇಢಾ ಇರಲಿ, ಗಿಣ್ಣ ಇರಲಿ, ಎಲ್ಲಾ ಒಲೆ ಕಂಡದ್ದೇ.

ಮೊಸರು ತಿಂತೀವಲ್ಲ, ಇದಕ್ಕೇನು ಅಂತ ಅವನು ಕೇಳಿದ. ಮೊಸರಿಗೂ ನಾವು ಹಾಲು ಕಾಸಿಯೇ ಹೆಪ್ಪು ಹಾಕುವುದು, ಅಲ್ವಾ? ಮೇಲಾಗಿ ಮೊಸರಿನ ಹುಳಿ ಕೆಟ್ಟ ಸೂಕ್ಷ್ಮಾಣುಗಳನ್ನು ತಡೆಯುತ್ತದೆ. ಈ ಚೀಸಿನ ಬೂಷ್ಟು ಆ ಹುಳಿಯನ್ನೇ ತಿನ್ನುತ್ತದೆ. ಹುಳಿ ಹೋದಂತೆ ಬಿಲ್ಲೆ ಮೆತ್ತಗಾಗುತ್ತದೆ, ಬೆಣ್ಣೆಯಂಥ ರುಚಿ ಬರುತ್ತದೆ. ಕಾವಲೂ ಅಲ್ಲಿಗೇ ಮುಗಿಯಿತು. ತೂಕದಲ್ಲಿ ಸುಮಾರು ಅರ್ಧ ನೀರು ಬೇರೆ, ಸೂಕ್ಷ್ಮಾಣು ಬೆಳೆಯೋಕೆ ಅನುಕೂಲ. ಲಿಸ್ಟೀರಿಯಾ ಅನ್ನೋ ರೋಗಾಣು ಫ್ರಿಜ್ಜಿನ ತಂಪಿನಲ್ಲೂ ಬೆಳೆಯುತ್ತದೆ, ಬಸುರಿಯರಿಗೆ ಅದು ತುಂಬಾ ಅಪಾಯ. ಇಟಲಿಯ ಗಟ್ಟಿ ಚೀಸ್ ಪಾರ್ಮೆಜಾನ್ ಕೂಡ ಹಸಿ ಹಾಲಿನದೇ, ಆದರೆ ಕನಿಷ್ಠ 12 ತಿಂಗಳು ಒಣಗಿ ಕಲ್ಲಾಗಿರುತ್ತದೆ. ಅಮೆರಿಕದಲ್ಲಿ ಹಸಿ ಹಾಲಿನ ಚೀಸನ್ನು ಮಾರುವ ಮೊದಲು 60 ದಿನ ಮಾಗಿಸಲೇಬೇಕು. ಕ್ಯಾಮಂಬೇರ್ ಮೂರ್ನಾಲ್ಕು ವಾರಕ್ಕೇ ತಿನ್ನೋಕೆ ಬರುತ್ತದೆ.

ನನಗೆ ಇದಕ್ಕಿಂತ ಜಾಸ್ತಿ ಚಿಂತೆ ಬೇರೆಯದು. "ಆಕಳು ಯಾವತ್ತರ ಕಂದು ಹಾಕೇತೇನಪಾ?" ಅಂದೆ. ಮೂರು ತಿಂಗಳ ಹಿಂದೆ ಒಂದಕ್ಕೆ ಗರ್ಭಪಾತ ಆಗಿತ್ತಂತೆ, ಏಳು ತಿಂಗಳ ಗಬ್ಬ. ಹಾಗೆ ಕೊನೆಯ ತಿಂಗಳುಗಳಲ್ಲಿ ಕಂದು ಹಾಕಿದರೆ ನಾವು ಮೊದಲು ಅನುಮಾನ ಪಡುವುದು ಬ್ರುಸೆಲ್ಲಾ, ಮನುಷ್ಯರಿಗೂ ಅಂಟುವ ರೋಗಾಣು. ರೋಗ ಇರುವ ಆಕಳು ಮೇಲ್ನೋಟಕ್ಕೆ ಗಟ್ಟಿಮುಟ್ಟಾಗಿಯೇ ಇರುತ್ತದೆ, ಹಾಲೂ ಕೊಡುತ್ತದೆ. ಆ ಹಾಲಿನಲ್ಲೇ ರೋಗ ಇಳಿಯುತ್ತದೆ. ಹೆಣ್ಣು ಕರುವಿಗೆ 4ರಿಂದ 8 ತಿಂಗಳ ಒಳಗೆ ಒಂದೇ ಒಂದು ಲಸಿಕೆ ಸಾಕು. ಇವನ ಆಕಳುಗಳು ಸಂತೆಯಲ್ಲಿ ಕೊಂಡವು, ಲಸಿಕೆ ಆಗಿತ್ತೋ ಇಲ್ಲವೋ ಯಾರಿಗೂ ಗೊತ್ತಿಲ್ಲ.

ಹಾಲಿನಲ್ಲೇ ಮಾಡುವ ಸುಲಭ ಪರೀಕ್ಷೆ ಒಂದಿದೆ. ನೀಲಿ ದ್ರಾವಣ ಬೆರೆಸಿ ಬೆಚ್ಚಗಿಡುತ್ತೇವೆ, ಸೋಂಕಿದ್ದರೆ ಮೇಲಿನ ಕೆನೆಯಲ್ಲಿ ನೀಲಿ ಉಂಗುರ ಕಟ್ಟುತ್ತದೆ. ಅಷ್ಟಕ್ಕೇ ತೀರ್ಮಾನ ಮಾಡುವುದಿಲ್ಲ, ರಕ್ತವನ್ನೂ ನೋಡಬೇಕು. ರಿಪೋರ್ಟ್ ಬರೋವರೆಗೆ ಹಾಲನ್ನು 63 ಡಿಗ್ರಿಯಲ್ಲಿ 30 ನಿಮಿಷ ಇಟ್ಟು ಆಮೇಲೆ ಚೀಸ್ ಮಾಡು ಅಂದೆ. ಹಾಗೆ ಮಾಡಿದರೂ ಬೂಷ್ಟು ಬರುತ್ತದೆ, ರುಚಿ ಸ್ವಲ್ಪ ಸಪ್ಪೆ, ಅಷ್ಟೇ.

ಅವನು ಡಬ್ಬಿ ಮುಚ್ಚುವಾಗ ಇನ್ನೊಂದು ನೆನಪಾಯಿತು, ಈ ರೋಗ ಮಾಸು ಮುಟ್ಟಿದರೂ ಅಂಟುತ್ತದೆ. ಕಂದು ಹಾಕಿದ ದಿನ ಮಾಸು ಎಳೆದವರು ಯಾರು?

"ನಮ್ಮ ಕಾಕಾರಿ. ಬರಿಗೈಲೇ."

ಕಾಕಾನಿಗೆ ತಿಂಗಳಿಂದ ಸಂಜೆ ಜ್ವರವಂತೆ, ಸೊಂಟ ನೋವಂತೆ. ಆಕಳ ರಕ್ತಕ್ಕೆ ಮರುದಿನ ನಾನೇ ಹೋದೆ. ಕಾಕಾನನ್ನು ಅವತ್ತೇ ಸಂಜೆ ಆಸ್ಪತ್ರೆಗೆ ಕಳಿಸಿದೆ, ಕಂದು ಹಾಕಿದ ಆಕಳ ವಿಷಯ ಚೀಟಿಯಲ್ಲಿ ಬರೆದುಕೊಟ್ಟು.