ಗ್ರೀನ್ ಶವರ್: ಕನ್ವರ್ಟಿಬಲ್ ಕಾರಿನಲ್ಲಿ ತಲೆ ಮೇಲೆ ಸುರಿಯುವ ಎಣ್ಣೆ

ಹಳೆಯ ಜಾಗ್ವಾರ್ ಎಕ್ಸ್‌ಕೆ8 ಕನ್ವರ್ಟಿಬಲ್ (ಟಾಪ್ ಮಡಚಿ ತೆರೆಯಬಹುದಾದ ಕಾರು) ಇಟ್ಟುಕೊಂಡವರ ನಡುವೆ ‘ಗ್ರೀನ್ ಶವರ್’ ಅನ್ನುವ ಮಾತು ಓಡಾಡುತ್ತಿರುತ್ತದೆ. ಇದು ಕಂಪನಿ ಇಟ್ಟ ಹೆಸರಲ್ಲ, ಮಾಲೀಕರೇ ಕಟ್ಟಿದ್ದು. ಬಟನ್ ಒತ್ತಿ ಕಾರಿನ ಟಾಪ್ ಮುಚ್ಚುತ್ತಿರುತ್ತೀರಿ. ಮುಂದಿನ ಗಾಜಿನ ಮೇಲಂಚಿನಿಂದ, ಒಳಗನ್ನಡಿ ಇರುವ ಜಾಗದ ಆಸುಪಾಸಿನಿಂದ, ಹಸಿರು ಎಣ್ಣೆ ತೊಡೆಯ ಮೇಲೆ, ಸೀಟಿನ ಮೇಲೆ ಸುರಿಯುತ್ತದೆ. ಅದೇ ಗ್ರೀನ್ ಶವರ್. ಕನ್ನಡದಲ್ಲಿ ಹೇಳುವುದಾದರೆ ಹಸಿರು ಎಣ್ಣೆಯ ಅಭ್ಯಂಜನ.

ಅಷ್ಟು ಮೇಲೆ ಎಣ್ಣೆ ಯಾಕಿರುತ್ತದೆ? ಎಕ್ಸ್‌ಕೆ8 ಬಂದದ್ದು 1996ರಲ್ಲಿ, ಇಂಗ್ಲೆಂಡಿನ ಕವೆಂಟ್ರಿಯ ಬ್ರೌನ್ಸ್ ಲೇನ್ ಕಾರ್ಖಾನೆಯಿಂದ. ಜಾಗ್ವಾರ್ ಆಗ ಫೋರ್ಡ್ ಕೈಯಲ್ಲಿತ್ತು. ಟಾಟಾ ಕೊಂಡದ್ದು 2008ರಲ್ಲಿ. ಈ ಕಾರಿನ ಬಟ್ಟೆಯ ಟಾಪನ್ನು ಎತ್ತಿ ಮಡಚುವುದು ಎಣ್ಣೆಯ ಒತ್ತಡ. ಪಂಪು ಡಿಕ್ಕಿಯಲ್ಲಿದೆ. ಎಣ್ಣೆ ಒತ್ತಿದಾಗ ಒಳಗಿನ ರಾಡ್ ಚಾಚಿ ಟಾಪನ್ನು ಎತ್ತುವ ಸಿಲಿಂಡರ್‌ಗಳು ಹಿಂದೆ, ಎರಡು ಬದಿಗಳಲ್ಲಿವೆ. ಮುಚ್ಚಿದ ಟಾಪನ್ನು ಗಾಜಿನ ಚೌಕಟ್ಟಿಗೆ ಬಿಗಿಯಾಗಿ ಕಚ್ಚಿಸುವ ಲ್ಯಾಚ್ ಸಿಲಿಂಡರ್ ಮಾತ್ರ ಮುಂದೆ, ನಿಮ್ಮ ಹಣೆಯ ಮೇಲೆ. ಹಿಂದಿನಿಂದ ಅಲ್ಲಿಯವರೆಗೆ ಎಣ್ಣೆ ಒಯ್ಯಲು ಎರಡು ಸಣ್ಣ ಪೈಪುಗಳು ಕಾರಿನ ಉದ್ದಕ್ಕೂ ಬಂದು, ಗಾಜಿನ ಪಕ್ಕದ ಕಂಬದೊಳಗಿಂದ ಮೇಲೇರುತ್ತವೆ. ಈ ಪೈಪು ಹಳತಾಗಿ ಬಿರುಕು ಬಿಡುವುದೇ ಗ್ರೀನ್ ಶವರ್‌ಗೆ ಕಾರಣ.

ಬಿರುಕು ಹೆಚ್ಚಾಗಿ ಲ್ಯಾಚ್ ಹತ್ತಿರದ ತುದಿಯಲ್ಲೇ ಬರುತ್ತದೆ. ಅದು ಬಿಸಿಲಿಗೆ ಕಾಯುವ ಜಾಗ. ಜೊತೆಗೆ ಲ್ಯಾಚ್ ಪೂರ್ತಿ ಕಚ್ಚಿದ ಮೇಲೂ ಪಂಪು ಒಂದು ಕ್ಷಣ ಒತ್ತುತ್ತಲೇ ಇರುತ್ತದೆ. ಎಣ್ಣೆಗೆ ಮುಂದೆ ಹೋಗಲು ದಾರಿಯಿಲ್ಲ, ಒತ್ತಡ ಒಮ್ಮೆಲೇ ಏರುತ್ತದೆ. ಕಾರಿನ ಟೈರಿನಲ್ಲಿರುವುದು ಎರಡು ಬಾರ್ ಚಿಲ್ಲರೆ ಒತ್ತಡ ಅಲ್ವಾ? ಇಲ್ಲಿ ಅದು 100 ಬಾರ್ ದಾಟುತ್ತದೆ. ಇಪ್ಪತ್ತು ವರ್ಷ ಬಿಸಿಲು ತಿಂದ ಪ್ಲಾಸ್ಟಿಕ್ ಪೈಪು ಎಷ್ಟು ದಿನ ತಡೆದೀತು? ಗೆಳೆಯರೊಬ್ಬರ ಕಾರಿನಿಂದ ತೆಗೆದ ಪೈಪನ್ನು ನಾನು ಕೈಯಲ್ಲಿ ಹಿಡಿದು ಬಗ್ಗಿಸಿ ನೋಡಿದ್ದೇನೆ. ಡಿಕ್ಕಿ ಕಡೆಯ ತುದಿ ಇನ್ನೂ ಮೆತ್ತಗೆ ಬಳುಕುತ್ತಿತ್ತು. ಲ್ಯಾಚ್ ಕಡೆಯ ತುದಿ ಒಣಗಿದ ಹುಣಸೆ ಕಡ್ಡಿಯ ಹಾಗೆ ಚಟ್ ಎಂದು ಮುರಿಯಿತು. ಒಂದೇ ಪೈಪು, ಒಂದೇ ವಯಸ್ಸು.

ಹೆಸರಲ್ಲಿ ಹಸಿರು ಬಂದದ್ದು ಎಣ್ಣೆಯ ಬಣ್ಣದಿಂದ. ಈ ಬಣ್ಣ ಸುಮ್ನೆ ಅಂದಕ್ಕಲ್ಲ, ಗುರುತಿಗೆ ತುಂಬ ಸಹಾಯ ಮಾಡುತ್ತದೆ. ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಎಣ್ಣೆ ಸಾಮಾನ್ಯವಾಗಿ ಕೆಂಪು, ಬ್ರೇಕ್ ಆಯಿಲ್ ತಿಳಿ ಹಳದಿ. ಒಂದರ ಜಾಗಕ್ಕೆ ಇನ್ನೊಂದನ್ನು ಸುರಿಯುವಂತಿಲ್ಲ. ಬ್ರೇಕ್ ಆಯಿಲ್‌ಗೆ ಹೊಂದುವ ರಬ್ಬರ್ ಬೇರೆ, ಖನಿಜ ಎಣ್ಣೆಗೆ ಹೊಂದುವ ರಬ್ಬರ್ ಬೇರೆ. ತಪ್ಪು ಎಣ್ಣೆ ಬಿದ್ದರೆ ಸೀಲ್, ಅಂದರೆ ಎಣ್ಣೆ ಸೋರದಂತೆ ತಡೆಯುವ ಉಂಗುರ, ನೆನೆಸಿದ ಕಡಲೆಯ ಹಾಗೆ ಊದಿಕೊಂಡು ಹಾಳಾಗುತ್ತದೆ. ಎರಡನೇ ಮಹಾಯುದ್ಧದ ನಂತರದ ವರ್ಷಗಳಲ್ಲಿ ಅಮೆರಿಕದ ಜನರಲ್ ಮೋಟರ್ಸ್ ಕನ್ವರ್ಟಿಬಲ್‌ಗಳ ಟಾಪ್‌ಗೆ ಬ್ರೇಕ್ ಆಯಿಲನ್ನೇ ಹಾಕುತ್ತಿದ್ದರು. ಅದು ಸೋರಿದರೆ ಕಾರ್ಪೆಟ್ ಕೆಡುವುದಷ್ಟೇ ಅಲ್ಲ, ಕಾರಿನ ಬಣ್ಣವೂ ಎದ್ದು ಬರುತ್ತಿತ್ತು.

ಇನ್ನು ಮುಖ್ಯ ವಿಷಯ: ಟಾಪ್‌ನಿಂದ ಎಣ್ಣೆ ಬಿದ್ದರೆ ಎಲ್ಲವೂ ಗ್ರೀನ್ ಶವರ್ ಅಲ್ಲ. ನಮ್ಮ ಭಾಷೆಯಲ್ಲಿ ಇದಕ್ಕೆ ಒಳ್ಳೆಯ ಪದಗಳಿವೆ. ಒಸರುವುದು, ಜಿನುಗುವುದು, ತೊಟ್ಟಿಕ್ಕುವುದು, ಸೋರುವುದು, ಚಿಮ್ಮುವುದು. ಗ್ಯಾರೇಜಿನಲ್ಲಿ ಎಲ್ಲಕ್ಕೂ ‘ಲೀಕೇಜ್’ ಅಂದುಬಿಡುತ್ತೇವೆ. ಪೈಪು ಒಡೆದರೆ ಎಣ್ಣೆ ಚಿಮ್ಮುತ್ತದೆ. ಸಿಲಿಂಡರಿನ ಸೀಲ್ ಸವೆದರೆ ಮೊದಲು ಒಸರುತ್ತದೆ, ಆಮೇಲೆ ತೊಟ್ಟಿಕ್ಕುತ್ತದೆ. ಈ ವ್ಯತ್ಯಾಸ ಗಮನಿಸಿದರೆ ಅರ್ಧ ಪತ್ತೆ ಕೆಲಸ ಮುಗಿದಂತೆ.

ಸೀಲ್ ಕಥೆಗೆ ಒಳ್ಳೆಯ ಉದಾಹರಣೆ ಮರ್ಸಿಡಿಸ್‌ನ ಎಸ್‌ಎಲ್, ಆರ್129 ಅನ್ನುವ ಮಾದರಿ. 1989ರ ಮಾರ್ಚ್‌ನಲ್ಲಿ ಜಿನೀವಾ ಮೋಟಾರ್ ಶೋದಲ್ಲಿ ಬಂದು 2001ರವರೆಗೆ ತಯಾರಾದ ಕಾರು. ಅದರ ಟಾಪ್‌ಗೆ ಹತ್ತಕ್ಕೂ ಜಾಸ್ತಿ ಸಿಲಿಂಡರ್‌ಗಳಿವೆ. ವರ್ಷಗಳು ಕಳೆದಂತೆ ಒಳಗಿನ ಪಾಲಿಯುರೆಥೇನ್ ಸೀಲ್‌ಗಳು ತಾವೇ ಕರಗಿದಂತಾಗುತ್ತವೆ. ಸಿಲಿಂಡರ್ ಬಿಚ್ಚಿದರೆ ಉಂಗುರದ ಬದಲು ಮಳೆಗಾಲದ ಬೆಲ್ಲದ ಹಾಗೆ ಅಂಟಂಟಾದ ಚೂರುಗಳು ಸಿಗುತ್ತವೆ. ಅಲ್ಲೂ ಮುಂದಿನ ಲ್ಯಾಚ್ ಸಿಲಿಂಡರ್ ಸೋರಿದರೆ ಎಣ್ಣೆ ಇಳಿಯುವುದು ಸನ್ ವೈಸರ್ ಕಡೆಯಿಂದಲೇ. ನೋಡಲು ಒಂದೇ ರೀತಿ, ಕಾಯಿಲೆ ಬೇರೆ.

ಸೀಲ್ ಅನ್ನುವುದು ಸಣ್ಣ ವಸ್ತು, ಆದರೆ ದ್ರವದ ಒತ್ತಡದಿಂದ ಕೆಲಸ ಮಾಡಿಸುವ ಹೈಡ್ರಾಲಿಕ್ಸ್ ನಿಂತಿರುವುದೇ ಅದರ ಮೇಲೆ. ಲಂಡನ್ನಿನ ಜೋಸೆಫ್ ಬ್ರಾಮಾ 1795ರಲ್ಲಿ ಹೈಡ್ರಾಲಿಕ್ ಪ್ರೆಸ್‌ಗೆ ಪೇಟೆಂಟ್ ಪಡೆದ. ಆದರೆ ಒತ್ತಡ ಏರಿದಾಗಲೆಲ್ಲ ಅಂಚಿನಿಂದ ನೀರು ಸೋರುತ್ತಿತ್ತು. ಅವನ ಬಳಿ ಕೆಲಸಕ್ಕಿದ್ದ ಹೆನ್ರಿ ಮಾಡ್ಸ್‌ಲಿ ಬಟ್ಟಲಿನ ಆಕಾರದ ಚರ್ಮದ ವಾಷರ್ ಹಾಕಿ ಅದನ್ನು ನಿಲ್ಲಿಸಿದ ಎನ್ನುತ್ತಾರೆ. ಉಪಾಯ ಎಷ್ಟು ಚಂದ ನೋಡಿ: ಒತ್ತಡ ಜಾಸ್ತಿಯಾದಷ್ಟೂ ಬಟ್ಟಲಿನ ಅಂಚು ಅಗಲಿ ಗೋಡೆಗೆ ಇನ್ನೂ ಬಿಗಿಯಾಗಿ ಒತ್ತಿಕೊಳ್ಳುತ್ತದೆ. ಸೋರಿಸಬೇಕಾದ ಒತ್ತಡವೇ ಸೋರದಂತೆ ಕಾಯುತ್ತದೆ. ತುಟಿಯಿರುವ ಇಂದಿನ ಸೀಲ್‌ಗಳ ಕೆಲಸವೂ ಇದೇ. ಅದಕ್ಕೇ ಹೊಸ ಸೀಲ್ ಹಾಕುವಾಗ ತುಟಿ ಎಣ್ಣೆಯ ಕಡೆಗೇ ಬಾಯಿ ತೆರೆದಿರಬೇಕು. ತಿರುಗಿಸಿ ಹಾಕಿದರೆ ಹೊಸ ಸೀಲೂ ಮೊದಲ ದಿನವೇ ಸೋರುತ್ತದೆ.

ಪತ್ತೆ ಮಾಡುವುದು ಹೇಗೆ? ಹಂಚಿನ ಮನೆಯಲ್ಲಿ ಬೆಳೆದವರಿಗೆ ಇದು ಗೊತ್ತು: ನೀರು ತೊಟ್ಟಿಕ್ಕುವ ಜಾಗ ಬೇರೆ, ಹಂಚು ಒಡೆದ ಜಾಗ ಬೇರೆ. ನೀರು ರೀಪು ಹಿಡಿದು ಎಲ್ಲೋ ಹರಿದು ಬಂದು ಎಲ್ಲೋ ಬೀಳುತ್ತದೆ. ಎಣ್ಣೆಯೂ ಹಾಗೇ. ಆದ್ದರಿಂದ ಮೊದಲು ಎಲ್ಲವನ್ನೂ ಒರೆಸಿ ಸ್ವಚ್ಛ ಮಾಡಬೇಕು. ಪ್ರತಿ ಜಾಯಿಂಟಿಗೂ, ಸಿಲಿಂಡರಿನ ರಾಡ್ ಹೊರಬರುವ ಜಾಗಕ್ಕೂ ಟಿಶ್ಯೂ ಸುತ್ತಿ, ಟಾಪನ್ನು ಒಂದೇ ಒಂದು ಸಲ ಆಡಿಸಬೇಕು. ಒದ್ದೆಯಾದ ಕಾಗದಗಳಲ್ಲಿ ಎಲ್ಲಕ್ಕಿಂತ ಮೇಲಿರುವುದೇ ನಿಮಗೆ ಬೇಕಾದ್ದು. ಅದು ಮಳೆ ನೀರೋ ಎಣ್ಣೆಯೋ ಎಂಬ ಅನುಮಾನವಿದ್ದರೆ ಕಾಗದವನ್ನು ಒಣಗಲು ಬಿಡಿ. ನೀರು ಆರಿ ಹೋಗುತ್ತದೆ. ಎಣ್ಣೆಯಾದರೆ ಬೋಂಡ ಕಟ್ಟಿಕೊಟ್ಟ ಪೇಪರಿನ ಹಾಗೆ ಹೊಳೆಯುವ ಕಲೆ ಉಳಿಯುತ್ತದೆ.

ಪಂಪು ಓಡುವಾಗ ಬೆರಳಿನಿಂದ ಪೈಪು ಸವರಿ ನೋಡಬೇಡಿ. ಇದನ್ನು ಒತ್ತಿ ಹೇಳುತ್ತೇನೆ. ಸೂಜಿ ಮೊನೆಯಷ್ಟು ತೂತಿನಿಂದ ಬರುವ ಎಣ್ಣೆ ಚರ್ಮ ತೂರಿ ಒಳಗೆ ಹೋಗಬಲ್ಲದು. ಗಾಯ ಚುಕ್ಕಿಯಷ್ಟೇ ಕಂಡರೂ ತಕ್ಷಣ ಆಸ್ಪತ್ರೆಗೆ ಓಡಬೇಕು. ಬೆರಳಿನ ಬದಲು ರಟ್ಟಿನ ತುಂಡು ಹಿಡಿಯಿರಿ. ಅರ್ಧ ಎತ್ತಿದ ಟಾಪ್‌ಗೂ ಗಟ್ಟಿ ಆಸರೆ ಕೊಡದೆ ಕೈ ಹಾಕಬೇಡಿ.

ಕೆಲವೊಮ್ಮೆ ಒಂದು ಹನಿಯೂ ಹೊರಗೆ ಬಂದಿರುವುದಿಲ್ಲ. ಆದರೂ ಟಾಪ್ ನಿಧಾನವಾಗುತ್ತದೆ, ಅರ್ಧದಲ್ಲಿ ನಿಂತು ಮೆಲ್ಲಗೆ ಕುಸಿಯುತ್ತದೆ. ಇದು ಒಳಸೋರಿಕೆ ಇರಬಹುದು: ಪಿಸ್ಟನ್ನಿನ ಸೀಲ್ ದಾಟಿ ಎಣ್ಣೆ ಆ ಬದಿಯಿಂದ ಈ ಬದಿಗೆ ನುಸುಳುತ್ತಿರುತ್ತದೆ. ಆದರೆ ಸಿಲಿಂಡರ್ ಬಿಚ್ಚುವ ಮೊದಲು ಬ್ಯಾಟರಿ ನೋಡಿ. ಬ್ಯಾಟರಿ ಸೋತಿದ್ದರೂ ಟಾಪ್ ನಿಧಾನವಾಗುತ್ತದೆ.

ಎಕ್ಸ್‌ಕೆ8ರಲ್ಲಿ ರಿಪೇರಿಗೆ ಮೇಲಂಚಿನ ಮತ್ತು ಕಂಬದ ಟ್ರಿಮ್, ಅಂದರೆ ಒಳಗಿನ ಹೊದಿಕೆ, ಬಿಚ್ಚಬೇಕು. ಹಳೆ ಪೈಪಿನ ತುದಿಗೆ ಗಟ್ಟಿ ದಾರ ಕಟ್ಟಿ ಎಳೆದು, ಅದೇ ದಾರದಲ್ಲಿ ಹೊಸದನ್ನು ಒಳಗೆ ಎಳೆದುಕೊಳ್ಳುವುದು ಸುಲಭದ ದಾರಿ. ಒಂದು ಒಡೆದಿದ್ದರೂ ಎರಡನ್ನೂ ಬದಲಿಸಿ, ಜೊತೆಯದೂ ಅಷ್ಟೇ ಹಳತು. ಎಷ್ಟೋ ಮಾಲೀಕರು ಪಂಪಿಗೆ ಹೆಚ್ಚಿನ ಒತ್ತಡವನ್ನು ಬಿಟ್ಟುಕೊಡುವ ರಿಲೀಫ್ ವಾಲ್ವ್ ಸೇರಿಸುತ್ತಾರೆ, ಅಥವಾ ಮೋಟಾರಿನ ತಂತಿಗೆ ರೆಸಿಸ್ಟರ್ ಹಾಕಿ ಒತ್ತಡ ತಗ್ಗಿಸುತ್ತಾರೆ. ಟಾಪ್ ಸ್ವಲ್ಪ ನಿಧಾನವಾಗಬಹುದು, ಪೈಪು ಬಾಳುತ್ತದೆ. ನನಗೆ ಇದು ಒಳ್ಳೆಯ ಬದಲಾವಣೆ ಅನ್ನಿಸುತ್ತದೆ. ಸೋರಿಕೆ ನಿಲ್ಲಿಸುವ ಡಬ್ಬಿ ದ್ರಾವಣ ಮಾತ್ರ ಬೇಡ. ಬಿರುಕು ಬಿಟ್ಟ ಪೈಪಿಗೆ ಅದರಿಂದ ಏನೂ ಆಗದು.

ಸಿಲಿಂಡರಿಗೆ ಹೊಸ ಸೀಲ್ ಹಾಕುವುದಾದರೆ ರಾಡ್ ಮೇಲೆ ಉಗುರು ಆಡಿಸಿ ನೋಡಿ. ಗೀರು ಉಗುರಿಗೆ ಸಿಕ್ಕಿದರೆ ಆ ರಾಡ್ ಹೊಸ ಸೀಲನ್ನೂ ಕೊಯ್ಯುತ್ತದೆ.

ಕೊನೆಗೆ ಎಣ್ಣೆ ಮಟ್ಟ. ಟಾಪ್ ತೆರೆದಾಗ ನೋಡಬೇಕೋ ಮುಚ್ಚಿದಾಗಲೋ ಎಂಬುದನ್ನು ಆ ಕಾರಿನ ಕೈಪಿಡಿಯಲ್ಲೇ ನೋಡಿ. ರಾಡ್ ಒಳಗಿದ್ದಾಗ ಸಿಲಿಂಡರಿನಲ್ಲಿ ಎಣ್ಣೆಗೆ ಜಾಗ ಕಡಿಮೆ, ಹೊರಗಿದ್ದಾಗ ಜಾಸ್ತಿ. ಹಾಗಾಗಿ ಟ್ಯಾಂಕಿನ ಮಟ್ಟವೂ ಏರಿಳಿಯುತ್ತದೆ. ತಪ್ಪು ಸ್ಥಿತಿಯಲ್ಲಿ ತುಂಬಿಸಿದರೆ ಉಕ್ಕಿ ಡಿಕ್ಕಿಗೆ ಚೆಲ್ಲುತ್ತದೆ, ನೀವು ಮತ್ತೆ ಸೋರಿಕೆ ಹುಡುಕಲು ಕೂರುತ್ತೀರಿ. ಟಾಪನ್ನು ನಾಲ್ಕೈದು ಸಲ ಪೂರ್ತಿ ಆಡಿಸಿ ಗಾಳಿ ಹೊರಹಾಕಿ, ಪಂಪಿನ ಗೊರಗೊರ ಸದ್ದು ನಿಲ್ಲಲಿ. ಮೇಲಂಚಿನ ಟ್ರಿಮ್ ಅನ್ನು ಆಗಲೇ ಹಾಕಬೇಡಿ. ಲ್ಯಾಚ್ ಜಾಯಿಂಟಿಗೆ ಹೊಸ ಟಿಶ್ಯೂ ಸುತ್ತಿ ಒಂದು ವಾರ ಓಡಿಸಿ. ಕಾಗದ ಬೆಳ್ಳಗೇ ಉಳಿದಿದ್ದರೆ ಆಮೇಲೆ ಟ್ರಿಮ್ ಹಾಕಿ.